ಬಚ್ಚಲಿನ ಮೂಲೆಯಲ್ಲಿ ನಿಂತ ನೀರು

ಮೈಸೂರಿನ ನಮ್ಮ ಮನೆಯ ಮಹಡಿ ಬಚ್ಚಲಿಗೆ ಹೊಸ ಟೈಲ್ಸ್ ಹಾಕಿಸಿ ತಿಂಗಳೂ ಆಗಿರಲಿಲ್ಲ. ಸ್ನಾನದ ನೀರು ಜಾಲರಿಯ ಕಡೆ ಹೋಗದೆ ಬಾಗಿಲ ಮೂಲೆಯಲ್ಲಿ ನಿಲ್ಲತೊಡಗಿತು. ನಾಣ್ಯದಿಂದ ತಟ್ಟಿ ನೋಡಿದರೆ ನಾಲ್ಕು ಕಡೆ ಟೊಳ್ಳು ಸದ್ದು, ಅಂದರೆ ಟೈಲ್ಸ್ ಅಡಿಯಲ್ಲಿ ಗಾರೆ ಸರಿಯಾಗಿ ತುಂಬಿರಲಿಲ್ಲ. ತಪ್ಪು ನನ್ನದೂ ಇತ್ತು: ಚದರ ಅಡಿಗೆ ಕಡಿಮೆ ದರ ಹೇಳಿದವರಿಗೆ, ಅವರ ಹಿಂದಿನ ಒಂದು ಕೆಲಸವನ್ನೂ ನೋಡದೆ ಒಪ್ಪಿಸಿದ್ದೆ.

ಎರಡನೆಯ ಮೇಸ್ತ್ರಿ ದರದ ಮಾತೆತ್ತಲಿಲ್ಲ, ಒಂದು ಚೊಂಬು ನೀರು ಕೇಳಿದರು. ಸುರಿದು ನೋಡಿ, "ವಾಟವೇ ಇಲ್ಲವಲ್ಲ ಸ್ವಾಮಿ" ಎಂದರು. ವಾಟ ಎಂದರೆ ನೀರು ಹರಿದುಹೋಗಲು ನೆಲಕ್ಕೆ ಕೊಡುವ ಇಳಿಜಾರು. ಅಲ್ಲೇ ಅವರನ್ನು ಗೊತ್ತುಮಾಡಿಕೊಂಡೆ. ನೆಲವನ್ನು ಪೂರ್ತಿ ಕಿತ್ತು, ಏಳು ಅಡಿ ಉದ್ದಕ್ಕೆ ಒಂದು ಇಂಚು ವಾಟ ಕೊಟ್ಟು, ನೀರು ಸೋರದ ಲೇಪ ಬಳಿದು, ಅದು ಒಣಗಿದ ಮೇಲೆ ಜಾಲರಿಯ ಬಾಯಿ ಮುಚ್ಚಿ 48 ಗಂಟೆ ನೀರು ನಿಲ್ಲಿಸಿದೆವು. ಕೆಳಗಿನ ಕೋಣೆಯ ಚಾವಣಿ ಒದ್ದೆಯಾಗಲಿಲ್ಲವೆಂದು ಖಾತ್ರಿಯಾದ ಮೇಲೆಯೇ ಟೈಲ್ಸ್ ಪೆಟ್ಟಿಗೆ ಬಿಚ್ಚಿದ್ದು.

ಈ ಬಾರಿ ಒರಟು ಮೈಯ ಒಂದಡಿ ಟೈಲ್ಸ್. ದೊಡ್ಡವು ವಾಟಕ್ಕೆ ಸುಲಭವಾಗಿ ಕೂರುವುದಿಲ್ಲ. ಒಡೆಯುವುದಕ್ಕೆಂದು ನೂರಕ್ಕೆ ಹತ್ತು ಹೆಚ್ಚು ತಂದೆ, ಎಲ್ಲವೂ ಒಂದೇ ಬ್ಯಾಚ್ ಸಂಖ್ಯೆಯವು, ಇಲ್ಲದಿದ್ದರೆ ಬಣ್ಣ ಬೇರೆಯಾಗಬಹುದು. ಹಣದ ಕೊನೆಯ ಕಂತನ್ನು ನೀರು ಸರಾಗವಾಗಿ ಹರಿದ ಮೇಲೆ ಕೊಟ್ಟೆ. ಮಿಕ್ಕ ಆರು ಟೈಲ್ಸ್ ಅಟ್ಟದಲ್ಲಿವೆ.