ಗುಡ್ಡದ ಹೊಲದಲ್ಲಿ ಮಟ್ಟದ ಗೆರೆ ಹಿಡಿಯುವುದು ಹೇಗೆ?

ಗುಡ್ಡದ ಊರಿನ ಶಾಲೆಯಲ್ಲಿ ಗಣಿತ ಕಲಿಸುವವಳು ನಾನು. ಮಳೆಗಾಲಕ್ಕೆ ಮುಂಚೆ ಮಕ್ಕಳನ್ನು ಹೊಲಕ್ಕೆ ಕರೆದೊಯ್ದು ಈ ಕೆಲಸ ಮಾಡಿಸುತ್ತೇನೆ. ಇಳಿಜಾರಿನಲ್ಲಿ ಮೇಲಿಂದ ಕೆಳಕ್ಕೆ ಉತ್ತರೆ ಒಂದೊಂದು ಸಾಲೂ ಕಾಲುವೆಯಾಗಿ ಮೇಲ್ಮಣ್ಣು ಕೊಚ್ಚಿಹೋಗುತ್ತದೆ. ಅಡ್ಡಕ್ಕೆ, ಅದೂ ಒಂದೇ ಮಟ್ಟದಲ್ಲಿ ಉಳಬೇಕು. ಕಣ್ಣಂದಾಜಿಗೆ ಆ ಮಟ್ಟ ಸಿಗುವುದಿಲ್ಲ. ಹಾಗಂತ ರಸಮಟ್ಟವೂ ಬೇಕಿಲ್ಲ.

ಸುಮಾರು 2 ಮೀಟರ್ ಉದ್ದದ ಎರಡು ಕೋಲುಗಳ ತುದಿ ಸೇರಿಸಿ ಕಟ್ಟಿ, ಬುಡ ಅಗಲಿಸಿ. ನಡುವೆ ಅಡ್ಡಕೋಲು ಬಿಗಿದರೆ ಇಂಗ್ಲಿಷಿನ ‘ಎ’ ಅಕ್ಷರದ ಆಕಾರ ಬರುತ್ತದೆ. ಮೇಲಿನ ಗಂಟಿನಿಂದ ದಾರ ಇಳಿಬಿಟ್ಟು, ಅಡ್ಡಕೋಲಿನ ಕೆಳಗೆ ತೂಗುವ ಹಾಗೆ ಕಲ್ಲು ಕಟ್ಟಿ. ಕಟ್ಟು ಸಡಿಲವಾದರೆ ಮುಂದಿನದೆಲ್ಲ ದಂಡ.

ಇನ್ನು ಗುರುತು ಹಾಕುವುದು. ಇಲ್ಲಿ ಅವಸರ ಬೇಡ. ಎರಡು ಕಾಲು ಊರುವ ಕಡೆ ಗೂಟ ಹೊಡೆದು ಚೌಕಟ್ಟನ್ನು ಅವುಗಳ ಮೇಲೆ ನಿಲ್ಲಿಸಿ. ಗೂಟಗಳು ಸ್ವಲ್ಪ ಏರುಪೇರಾಗಿದ್ದರೂ ಪರವಾಗಿಲ್ಲ. ಕಲ್ಲಿನ ತೂಗಾಟ ನಿಂತ ಮೇಲೆ, ದಾರ ಅಡ್ಡಕೋಲನ್ನು ದಾಟುವಲ್ಲಿ ಸೀಮೆಸುಣ್ಣದ ಗೆರೆ ಎಳೆಯಿರಿ. ಈಗ ಕಾಲುಗಳನ್ನು ಅದಲುಬದಲು ಮಾಡಿ, ಅದೇ ಗೂಟಗಳ ಮೇಲಿಟ್ಟು ಇನ್ನೊಂದು ಗೆರೆ. ಎರಡರ ನಟ್ಟನಡುವೆ ಇರುವುದೇ ಮಟ್ಟದ ಗುರುತು. ಯಾಕೆ ಅಂತ ಮಕ್ಕಳನ್ನೇ ಕೇಳಿ, ಸುಮ್ನೆ ಕಾಯಿರಿ. ನೆಲದ ಓರೆ ದಾರವನ್ನು ಮೊದಲು ಎಷ್ಟು ಎಡಕ್ಕೆ ತಳ್ಳಿತೋ, ತಿರುಗಿಸಿದಾಗ ಅಷ್ಟೇ ಬಲಕ್ಕೆ ತಳ್ಳುತ್ತದೆ, ಅಲ್ವಾ? ಹಲಗೆಯ ಮೇಲೆ ತಲೆಗೆ ಹತ್ತದ ನಡುಬಿಂದು ಇಲ್ಲಿ ತಾನಾಗಿ ಹತ್ತುತ್ತದೆ.

ಹೊಲದ ಮೇಲ್ತುದಿಯಿಂದ ಶುರು ಮಾಡಿ. ಒಂದು ಕಾಲು ಊರಿ, ದಾರ ನಡುಗುರುತಿಗೆ ಬರುವವರೆಗೆ ಇನ್ನೊಂದನ್ನು ತುಸು ಮೇಲೆ, ತುಸು ಕೆಳಗೆ ಸರಿಸಿ. ಅಲ್ಲಿ ಗೂಟ ಹೊಡೆದು, ಆ ಕಾಲಿನ ಮೇಲೇ ಚೌಕಟ್ಟು ತಿರುಗಿಸಿ ಮುಂದೆ ಸಾಗಿ. ಗಾಳಿ ಜಾಸ್ತಿ ಇದ್ದ ದಿನ ಬೇಡ. ಗೂಟಗಳ ಸಾಲು ಬಳುಕಿಕೊಂಡೇ ಹೋಗುತ್ತದೆ. ಸಣ್ಣ ಸೊಟ್ಟ ತಿದ್ದಬಹುದು, ನೇರ ಮಾಡಲು ಹೋಗಬೇಡಿ.

ಮುಂದಿನ ಸಾಲು ಎಲ್ಲಿ? ಇಳಿಜಾರಿನಲ್ಲಿ ಒಬ್ಬ ಹುಡುಗಿಯನ್ನು ಕೆಳಗಿಳಿಸಿ. ನೇರ ಎದುರಿಗೆ ನೋಡಿದರೆ ಮೇಲಿನ ಗೂಟದ ಬುಡ ಅವಳ ಕಣ್ಣಿಗೆ ಸಮವಾಗಿ ಕಂಡಲ್ಲಿ ನಿಲ್ಲಿಸಿ, ಅಷ್ಟು ಇಳಿತ ಸಾಕು.

ಸಾಲಿನುದ್ದಕ್ಕೂ ಬುಡ ದಟ್ಟವಾಗಿ ಕಟ್ಟುವ ಹುಲ್ಲು ನೆಡಿ. ವರ್ಷ ಕಳೆದಂತೆ ಮಣ್ಣು ಅಲ್ಲೇ ನಿಂತು ಬದು ತಾನಾಗಿ ಏರುತ್ತದೆ. ಹುಲ್ಲನ್ನು ಆಗಾಗ ಕೊಯ್ಯಿರಿ. ಎತ್ತರಕ್ಕೆ ದಟ್ಟವಾಗಿ ಬೆಳೆಯಲು ಬಿಟ್ಟರೆ, ರಾತ್ರಿ ಗುಡ್ಡದಿಂದ ಇಳಿಯುವ ತಣ್ಣನೆ ಗಾಳಿ ಅದರ ಹಿಂದೆ ಮಡುಗಟ್ಟಿ ಪೈರು ಹಿಮಕ್ಕೆ ಸಿಕ್ಕೀತು.