ಚಾರ್ಟ್ ಬಿಟ್ಟು ಕೊಬ್ಬರಿ ಎಣ್ಣೆ ಬಾಟಲಿ ಹಿಡಿದ ಮೇಲೆ: ನನ್ನ ಅನುಭವ

ಹದಿಹರೆಯದವರ ಹತ್ತಿರ ಮುಟ್ಟು, ಲೈಂಗಿಕ ಆರೋಗ್ಯದ ಬಗ್ಗೆ ಮಾತಾಡೋದು ನನ್ನ ಕೆಲಸ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯೋ ರೀಲಿಂಗ್ ಹುಡುಗಿಯರು ಇಂಥ ವಿಷಯಕ್ಕೆ ಬಾಯಿ ಬಿಡೋದಿಲ್ಲ, ಸುಮ್ನೆ ಪೆಟ್ರೋಲ್ ಸುಡ್ತೀಯ ಅಂತ ಜೊತೆಯವರೇ ಹೇಳಿದ್ದರು. ಹೋದ ವರ್ಷ ಹತ್ತಿರ ಹತ್ತಿರ 70 ಹುಡುಗಿಯರು ನನ್ನ ಹತ್ತಿರ ಮಾತಾಡಿದ್ದಾರೆ.

ಮೊದಲ ಎರಡು ವರ್ಷ ಪೂರ್ತಿ ದಂಡ. ಹೈಸ್ಕೂಲಿಗೆ ಹೋಗಿ ಚಾರ್ಟ್ ತೂಗುಹಾಕಿದೆ, ಕಬ್ಬಿಣಾಂಶದ ನೀಲಿ ಮಾತ್ರೆ ಬಗ್ಗೆ ಹೇಳಿದೆ, ಪ್ರಶ್ನೆ ಡಬ್ಬಿ ಇಟ್ಟೆ. ಡಬ್ಬಿ ತುಂಬಾ ಮೊಡವೆ ಪ್ರಶ್ನೆಗಳೇ. ಒಬ್ಬರ ಕೈಬರಹ ಇನ್ನೊಬ್ಬರಿಗೆ ಗೊತ್ತು, ಇನ್ನೇನು ಬರೀತಾರೆ? ಅದಕ್ಕಿಂತ ದೊಡ್ಡ ತಪ್ಪು ಅಂದರೆ, ನನಗೆ ಬೇಕಾದವರು ಆ ಕ್ಲಾಸಿನಲ್ಲೇ ಇರಲಿಲ್ಲ. ಶಾಲೆ ಬಿಟ್ಟ 16–17ರ ಹುಡುಗಿಯರು ಬೆಳಿಗ್ಗೆಯೇ ನೂಲು ಬಿಚ್ಚೋಕೆ ಹೋಗಿರುತ್ತಿದ್ದರು. ಹದಿಹರೆಯದವರಿಗೆ ಅಂತ ಸರ್ಕಾರ ನಡೆಸೋ ಸ್ನೇಹ ಕ್ಲಿನಿಕ್ ತೆರೆಯುವುದೂ ಅದೇ ಹೊತ್ತಿಗೆ. ಬಂದರೆ ಕೂಲಿ ಹೋಯಿತು.

ಅವರ ರಜೆ ದಿನ ಗಲ್ಲಿಗೇ ಹೋದೆ. ಮೂರು ವಾರ ಯಾರೂ ಹತ್ತಿರ ಬರಲಿಲ್ಲ. ನಾಲ್ಕನೇ ವಾರ ಚಾರ್ಟ್ ಬಿಟ್ಟು ಕೊಬ್ಬರಿ ಎಣ್ಣೆ ಬಾಟಲಿ ತಗೊಂಡು ಹೋದೆ. ಬಿಸಿನೀರಲ್ಲಿ ಗೂಡು ಬಿಚ್ಚಿ ಬಿಚ್ಚಿ ಅವರ ಬೆರಳ ತುದಿ ಬೆಳ್ಳಗೆ ಸುಕ್ಕಾಗಿ ಸುಲಿದಿರುತ್ತೆ. ಒಬ್ಬಳ ಕೈಗೆ ಎಣ್ಣೆ ಸವರುತ್ತಾ ಕೂತೆ. ಇಲ್ಲಿ ಎಷ್ಟೋ ಮನೆಗಳ ಮಾತು ತೆಲುಗು ಅಲ್ವಾ, ನಾನೂ ತೆಲುಗಲ್ಲೇ ಶುರು ಮಾಡಿದೆ. ಎರಡನೇ ಕೈಗೆ ಬರುವಷ್ಟರಲ್ಲಿ ‘ಅಕ್ಕಾ, ಎವರಿಕೀ ಚೆಪ್ಪೊದ್ದು’ (ಯಾರಿಗೂ ಹೇಳಬೇಡ) ಅಂದಳು. ಆರು ತಿಂಗಳಿಂದ ಬಿಳಿ ಹೋಗುತ್ತಿತ್ತು, ತುರಿಕೆ ಬೇರೆ. ಮೆಡಿಕಲ್ ಶಾಪಿನಲ್ಲಿ ಕೇಳಿ ಏನೋ ಮಾತ್ರೆ ನುಂಗಿದ್ದಳು. ಒಂದೇ ಕೋಣೆಯ ಬಾಡಿಗೆ ಮನೆ, ಮುಟ್ಟಿನ ಬಟ್ಟೆಯನ್ನು ಬಿಸಿಲಿಗೆ ಹಾಕೋ ಜಾಗವೇ ಇಲ್ಲ. ತಾಲ್ಲೂಕು ಆಸ್ಪತ್ರೆಗೆ ನಾನೇ ಕರ್ಕೊಂಡು ಹೋದೆ. ವಾಸಿಯಾದ ಮೇಲೆ ಅವಳೇ ನಾಲ್ಕು ಜನರನ್ನು ಕರೆತಂದಳು.

ಯಾರಿಗೂ ಹೇಳೋದೇ ಇಲ್ಲ ಅಂತ ಮಾತ್ರ ನಾನು ಮಾತು ಕೊಡೋದಿಲ್ಲ. 18 ತುಂಬದವಳಿಗೆ ಲೈಂಗಿಕ ದೌರ್ಜನ್ಯ ಆಗಿದ್ದರೆ ಮಕ್ಕಳ ರಕ್ಷಣೆಯ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಅದನ್ನು ಮೊದಲೇ ಹೇಳ್ತೀನಿ. ಹೆದರಿ ಇಬ್ಬರು ಎದ್ದು ಹೋದರು. ಉಳಿದವರು ಇನ್ನೂ ಜಾಸ್ತಿ ನಂಬಿದರು. ಯಾವ ಮಾತಿನಲ್ಲಿ ಹೇಳ್ತೀನಿ ಅನ್ನೋದನ್ನು ಇಲ್ಲಿ ಬರೆಯಲ್ಲ, ಜೊತೆಗೆ ಬಂದು ಕೂತವರಿಗೆ ಕಲಿಸ್ತೀನಿ.

ವರ್ಷಕ್ಕೆ ಕೈಯಿಂದ ಹೋಗಿದ್ದು 11–12 ಸಾವಿರ. ಪೆಟ್ರೋಲ್, ಎಣ್ಣೆ, ಟೀ, ಆಸ್ಪತ್ರೆಗೆ ಆಟೋ. ಹುಡುಗರಿಗೆ ಅಂತ ಸಲೂನಿನಲ್ಲಿ ಇಟ್ಟ ಕರಪತ್ರಕ್ಕೆ ಹಾಕಿದ 800 ರೂಪಾಯಿ ನೀರಿಗೆ ಹೋಯಿತು. ಆದರೆ ಸಲೂನಿನ ಅಣ್ಣನಿಗೇ ನಾಲ್ಕು ಮಾತು ಹೇಳಿಕೊಟ್ಟ ಮೇಲೆ ಇಬ್ಬರು ಹುಡುಗರು ಐಸಿಟಿಸಿಗೆ, ಅಂದರೆ ಎಚ್‌ಐವಿ ಸಲಹೆ-ಪರೀಕ್ಷೆ ಕೇಂದ್ರಕ್ಕೆ ಬಂದರು.

ಇದೇ ಬಾಟಲಿ ಹಿಡಿದು ಚಿಂತಾಮಣಿ ಕಡೆ ಹಳ್ಳಿಗೆ ಹೋಗಿ ಸೋತೆ. ಪಟ್ಟಣದ ಹುಡುಗಿ ಕೈಯಲ್ಲಿ ಸ್ವಲ್ಪ ದುಡ್ಡಿದೆ, ವಿಚಾರಿಸೋರಿಲ್ಲ. ಹಳ್ಳಿಯಲ್ಲಿ ವಿಚಾರಿಸೋರೇ ಜಾಸ್ತಿ. ಶಕ್ತಿ ಯೋಜನೆ ಬಂದು ಬಸ್ಸು ಫ್ರೀ ಆಗಿದೆ, ಆದರೆ ಒಬ್ಬಳೇ ಎಲ್ಲಿಗೆ ಹೊರಟೆ ಅಂತ ಹತ್ತು ಜನ ಕೇಳ್ತಾರೆ. ಆಶಾ ಕಾರ್ಯಕರ್ತೆ ಎಷ್ಟೋ ಸಲ ಆ ಹುಡುಗಿಯ ಚಿಕ್ಕಮ್ಮನೇ ಆಗಿರ್ತಾರೆ. ಟೊಮೆಟೊ ರೇಟು ಬಿದ್ದ ವರ್ಷ 16ಕ್ಕೇ ಮದುವೆ ಮಾತು ಶುರುವಾಗುತ್ತೆ. ಅಲ್ಲೀಗ ಹುಡುಗಿಯರನ್ನು ಬಿಟ್ಟು ಸ್ತ್ರೀಶಕ್ತಿ ಸಂಘದಲ್ಲಿ ತಾಯಂದಿರ ಜೊತೆ ಕೂರ್ತಿದ್ದೇನೆ. ಈ ತಿಂಗಳು ಇಬ್ಬರು ತಾಯಂದಿರು ಮಗಳನ್ನು ಕರ್ಕೊಂಡು ತಾವೇ ಕ್ಲಿನಿಕ್ಕಿಗೆ ಬಂದರು.