ಹೆಂಚಿನ ಮನೆಯಲ್ಲಿ ಹೊಗೆ ಕೊಳವೆಯ ಒಲೆ: ನನ್ನ ಅನುಭವ

ನಮ್ಮದು ಕಾಸರಗೋಡಿನ ಬದಿಯಡ್ಕ ಕಡೆಯ ಹೆಂಚಿನ ಮನೆ. ತೋಟದಲ್ಲಿ ಮಡಲು, ಗೆರಟೆ, ಅಡಿಕೆ ಮರದ ಸಲಾಕೆ ಬೇಕಾದಷ್ಟಿದೆ. ಗ್ಯಾಸ್ ಇದ್ದರೂ ಕುಚ್ಚಲಕ್ಕಿ ಬೇಯಿಸಲು ಕಟ್ಟಿಗೆ ಒಲೆಯೇ ಸರಿ. ಆದರೆ ಹಳೆ ಒಲೆಯ ಹೊಗೆಯಿಂದ ಅಮ್ಮನ ಕೆಮ್ಮು ಜಾಸ್ತಿಯಾಯಿತು. ಹಾಗಾಗಿ ಕೊಳವೆ ಇರುವ ಒಲೆ ಕಟ್ಟಿಸಿದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಒಲೆ, ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತಿನ ಪರಿಷತ್ ಒಲೆ ಎರಡೂ 1980ರ ದಶಕದಿಂದ ಬಳಕೆಯಲ್ಲಿವೆ. ನಮ್ಮದೂ ಅದೇ ಜಾತಿಯದು. ಬೆಂಕಿ ಗೂಡಿನೊಳಗೆ ಉರಿಯುತ್ತದೆ, ಹೊಗೆ ಎರಡನೇ ಪಾತ್ರೆಯ ಅಡಿಯಿಂದ ಕೊಳವೆಗೆ ಹೋಗುತ್ತದೆ. ಒಲೆ ಕಟ್ಟುವುದು ಮೇಸ್ತ್ರಿಗೆ ಸುಲಭದ ಕೆಲಸ. ಅಪಾಯ ಇರುವುದು ಮೇಲೆ, ಕೊಳವೆ ಮಾಡನ್ನು (ಛಾವಣಿಯನ್ನು) ದಾಟುವಲ್ಲಿ, ಅಂದರೆ ಹೆಂಚು ಹೊರುವ ಇಳಿಜಾರು ಮರಗಳಾದ ಪಕಾಸುಗಳ ನಡುವೆ.

"ಪಕಾಸಿಗೆ ತಾಗಿದ್ರೆ ಏನೂ ಆಗುದಿಲ್ಲ ಅಣ್ಣ, ಎಷ್ಟು ಮನೆಯಲ್ಲಿ ಹಾಗೇ ಇದೆ" ಎಂದರು ಮೇಸ್ತ್ರಿ. ನಾನು ಒಪ್ಪಲಿಲ್ಲ. ವರ್ಷಗಟ್ಟಲೆ ಬಿಸಿ ತಾಗಿದ ಮರ ಒಳಗೊಳಗೇ ಕರಕಲಾಗುತ್ತದೆ. ಆಮೇಲೆ ಕಡಿಮೆ ಬಿಸಿಗೂ ಹೊತ್ತಿಕೊಳ್ಳಬಹುದು. ಒಂದೇ ಪದರದ ಕೊಳವೆಯಾದರೆ ಮರದಿಂದ ಒಂದೂವರೆ ಅಡಿ ದೂರ ಬೇಕು. ನಮ್ಮ ಪಕಾಸುಗಳ ನಡುವೆ ಅಷ್ಟು ಜಾಗ ಎಲ್ಲಿದೆ? ಅದಕ್ಕೆ ವರ್ಕ್‌ಶಾಪಿನಲ್ಲಿ ಕೊಳವೆಯೊಳಗೆ ಕೊಳವೆ ಇಟ್ಟು, ನಡುವೆ ಬಿಸಿ ತಡೆಯುವ ಕಲ್ಲಿನ ನಾರು, ಅಂದರೆ ರಾಕ್‌ವೂಲ್, ತುಂಬಿಸಿದೆ. ಜೊತೆಗೆ ಒಂದು ಪಕಾಸನ್ನು ತುಂಡರಿಸಿ, ಆ ತುದಿಗಳಿಗೆ ಅಡ್ಡ ಮರ ಕೊಟ್ಟು ಎರಡು ಪಕ್ಕದ ಪಕಾಸುಗಳಿಗೆ ಸೇರಿಸಿದೆವು. ಈಗ ಕೊಳವೆಯ ಸುತ್ತ ಒಂದಡಿಯೊಳಗೆ ಮರವೇ ಇಲ್ಲ, ಹೆಂಚು ಕೂರುವ ಅಡ್ಡಪಟ್ಟಿ ರೀಪು ಕೂಡ ಇಲ್ಲ.

ಆ ತೆರವನ್ನು ಜಿಐ (ಸತು ಲೇಪಿಸಿದ ಕಬ್ಬಿಣ) ತಗಡಿನಿಂದ ಮುಚ್ಚಿದೆವು. ತಗಡಿನ ಮೇಲಂಚು ಹೆಂಚಿನಡಿ ಇರಬೇಕು, ಕೆಳಗಂಚು ಹೆಂಚಿನ ಮೇಲೆ. ತಿರುಗಿಸಿಟ್ಟರೆ ಜೂನ್ ಮಳೆ ನೇರ ಅಡುಗೆಮನೆಗೇ ಇಳಿಯುತ್ತದೆ. ಕೊಳವೆ ಮಾಡಿನಿಂದ 3 ಅಡಿ ಮೇಲಿದೆ, 10 ಅಡಿಯೊಳಗಿನ ಮಾಡಿನ ಯಾವ ಭಾಗಕ್ಕಿಂತಲೂ 2 ಅಡಿ ಎತ್ತರ. ಇಲ್ಲದಿದ್ದರೆ ಗಾಳಿಗೆ ಹೊಗೆ ವಾಪಸ್ ಬರುತ್ತದೆ. ತುದಿಗೆ ತೊಪ್ಪಿ ಬೇಕೇ ಬೇಕು.

ಆಸ್ಬೆಸ್ಟಾಸ್ ಸಿಮೆಂಟ್ ಪೈಪು ಅಗ್ಗ ಎಂದು ಹಲವರು ಹೇಳಿದರು. ಬೇಡ. ಬಿಸಿಗೆ ಬಿರಿಯುತ್ತದೆ, ಅದರ ಧೂಳು ಶ್ವಾಸಕೋಶಕ್ಕೆ ವಿಷ.

ಒಲೆಯ ಮೇಲಿನ ಅಟ್ಟದಲ್ಲಿದ್ದ ತೆಂಗಿನಕಾಯಿ, ಗೋಣಿ ಎಲ್ಲ ತೆಗೆದೆವು. ಗ್ಯಾಸ್ ಸಿಲಿಂಡರನ್ನು ಹೊರಗಿಟ್ಟೆವು. ಒಲೆ ಉರಿಯುವಾಗ ಕಿಟಕಿ ಮುಚ್ಚುವುದಿಲ್ಲ. ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಹೊಗೆಗಿಂತ ದೊಡ್ಡ ಶತ್ರು ಅಲ್ವಾ.

ಹಸಿ ಕಟ್ಟಿಗೆ ಉರಿಸಿದರೆ ಕೊಳವೆಯೊಳಗೆ ಡಾಂಬರಿನಂಥ ಅಂಟು ಮಸಿ ಕೂರುತ್ತದೆ. ಹೊತ್ತಿಕೊಳ್ಳುವುದು ಅದೇ. ಅದಕ್ಕೇ ಕೊಳವೆಯ ಬುಡದಲ್ಲಿ ಸಣ್ಣ ಬಾಗಿಲು ಇಡಿಸಿದ್ದೇನೆ. ಮಳೆಗಾಲದ ಮೊದಲು, ಆಮೇಲೆ ಮತ್ತೊಮ್ಮೆ, ಹಗ್ಗಕ್ಕೆ ತೆಂಗಿನ ನಾರಿನ ಕಟ್ಟು ಬಿಗಿದು ತಣ್ಣಗಿನ ಕೊಳವೆಯಲ್ಲಿ ಎಳೆದಾಡಿ ಮಸಿ ಉದುರಿಸುತ್ತೇನೆ. ಬೂದಿಯನ್ನು ಮುಚ್ಚಳವಿರುವ ಕಬ್ಬಿಣದ ಬಕೆಟಿನಲ್ಲೇ ಹೊರಗಿಡಿ. ಒಳಗಿನ ಕೆಂಡ ಮರುದಿನವೂ ಜೀವಂತ ಇರುತ್ತದೆ.

ಎಂದಾದರೂ ಕೊಳವೆಯೊಳಗೆ ಗುಡುಗಿದಂತೆ ಸದ್ದು ಬಂದರೆ ಮಸಿಗೆ ಬೆಂಕಿ ಹಿಡಿದಿದೆ ಎಂದೇ ತಿಳಿಯಿರಿ. ನೀರು ಹೊಯ್ಯಬೇಡಿ. ಒಲೆಯ ಬಾಯಿ ಮುಚ್ಚಿ, ಮನೆಯವರನ್ನೆಲ್ಲ ಹೊರಗೆ ಕರೆದು, 101ಕ್ಕೆ ಫೋನ್ ಮಾಡಿ.